ದವಡೆಯ ಕೀಲನ್ನು ಬೆರಳಿನಿಂದ ಅರಿಯುವುದು ಹೇಗೆ?

ಮಾತನಾಡುವಾಗ, ಅಗಿಯುವಾಗ, ಆಕಳಿಸುವಾಗ, ಕೊನೆಗೆ ಉಗುಳು ನುಂಗುವಾಗಲೂ ದುಡಿಯುವ ದವಡೆಯ ಕೀಲಿನ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಮೊಣಕಾಲಿನ ಬಗ್ಗೆ ಇರುವಷ್ಟು ತಿಳಿವಳಿಕೆಯೂ ಇಲ್ಲ. ವೈದ್ಯರು ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್, ಚಿಕ್ಕದಾಗಿ ಟಿಎಂಜೆ, ಎಂದು ಕರೆಯುವ ಈ ಕೀಲು ಚರ್ಮಕ್ಕೆ ತೀರ ಸಮೀಪದಲ್ಲಿರುವುದರಿಂದ, ಒಂದು ಕನ್ನಡಿ, ಒಂದು ಸ್ಕೇಲು ಮತ್ತು ಎರಡು ಬೆರಳುಗಳ ನೆರವಿನಿಂದ ಅದರ ಚಲನೆಯನ್ನು ಯಾರು ಬೇಕಾದರೂ ಗಮನಿಸಬಹುದು. ಹಾಗೆ ಗಮನಿಸಿದವರು ಕೀಲಿನ ಪ್ರತಿ ಸದ್ದಿಗೂ ಗಾಬರಿಯಾಗುವುದಿಲ್ಲ, ನಿಜವಾದ ತೊಂದರೆಯನ್ನು ಕಡೆಗಣಿಸುವುದೂ ಇಲ್ಲ.

ಹಂತ 1: ಜಾಗವನ್ನು ಗುರುತಿಸಿ

ಎರಡೂ ಕೈಗಳ ತೋರುಬೆರಳುಗಳನ್ನು ಕಿವಿಯ ರಂಧ್ರದ ಮುಂದಿರುವ ಪುಟ್ಟ ಮೃದ್ವಸ್ಥಿಯ ಉಬ್ಬಿಗಿಂತ ತುಸು ಮುಂದೆ ಹಗುರವಾಗಿ ಇರಿಸಿ, ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಸರಿದಾಡುವ ದುಂಡನೆಯ ಮೂಳೆಯೇ ಕೆಳದವಡೆಯ ತುದಿ, ಅಂದರೆ ಕಾಂಡೈಲ್. ತಲೆಬುರುಡೆಯಲ್ಲಿ ಕಣತಲೆಯ ಮೂಳೆಯಲ್ಲಿರುವ (ಟೆಂಪೊರಲ್ ಮೂಳೆ) ಒಂದು ಗುಳಿ ಅದಕ್ಕೆ ನೆಲೆಯಾಗಿದ್ದು, ಗುಳಿಯ ಮುಂದೆ ಮೂಳೆಯದೇ ಒಂದು ದಿಬ್ಬವಿದೆ. ಕೆಳದವಡೆಯು ಎಡದಿಂದ ಬಲದವರೆಗೆ ಒಂದೇ ಮೂಳೆಯಾದ್ದರಿಂದ, ಒಂದು ಬದಿಯ ಕೀಲು ಅಲುಗಿದರೆ ಇನ್ನೊಂದು ಬದಿಯದೂ ಅಲುಗಲೇಬೇಕು. ಒಂದರ ದೋಷದ ಭಾರ ಮತ್ತೊಂದರ ಮೇಲೆ ಬೀಳುವುದು ಇದೇ ಕಾರಣದಿಂದ.

ಹಂತ 2: ತಿರುಗುವುದನ್ನೂ ಜಾರುವುದನ್ನೂ ಬೇರ್ಪಡಿಸಿ ನೋಡಿ

ಈ ಕೀಲಿನ ವೈಶಿಷ್ಟ್ಯವೆಲ್ಲ ಇಲ್ಲಿದೆ. ಬಾಗಿಲು ತನ್ನ ತಿರುಗಣಿಯ ಮೇಲೆ ತಿರುಗುವಂತೆ ದವಡೆಯೂ ಒಂದೇ ಜಾಗದಲ್ಲಿ ತಿರುಗುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಅದು ಅರ್ಧ ಸತ್ಯ ಮಾತ್ರ. ನಾಲಿಗೆಯ ತುದಿಯನ್ನು ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗುಳಕ್ಕೆ ಒತ್ತಿಹಿಡಿದು, ಅದನ್ನು ಬಿಡದೆ ಬಾಯಿ ತೆರೆಯಿರಿ. ಬಾಯಿ ಸ್ವಲ್ಪವೇ ತೆರೆಯುತ್ತದೆ, ಕಾಂಡೈಲ್ ಬಹುಮಟ್ಟಿಗೆ ಇದ್ದಲ್ಲೇ ತಿರುಗುತ್ತದೆ. ಈಗ ನಾಲಿಗೆಯನ್ನು ಸಡಿಲಿಸಿ ಪೂರ್ತಿ ತೆರೆಯಿರಿ: ಆ ದುಂಡು ಮೂಳೆ ಬೆರಳ ಕೆಳಗಿನಿಂದ ಮುಂದಕ್ಕೂ ಕೆಳಕ್ಕೂ ಜಾರಿ, ಅದು ಬಿಟ್ಟ ಜಾಗದಲ್ಲಿ ಸಣ್ಣ ತಗ್ಗು ಉಂಟಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ.

ಈ ಎರಡು ಬಗೆಯ ಚಲನೆಯನ್ನು ಸಾಧ್ಯವಾಗಿಸುವುದು ಕಾಂಡೈಲಿಗೂ ಗುಳಿಗೂ ನಡುವೆ ಇರುವ, ಅಂಚಿನಲ್ಲಿ ದಪ್ಪವಾಗಿ ನಡುವೆ ತೆಳುವಾಗಿರುವ ತಂತುಮಯ ಬಿಲ್ಲೆ. ಅದು ಕೀಲಿನ ಒಳಾವರಣವನ್ನು ಮೇಲೊಂದು, ಕೆಳಗೊಂದು ಎಂದು ಎರಡು ಕೋಣೆಗಳಾಗಿ ವಿಭಜಿಸುತ್ತದೆ. ಕೆಳಗಿನ ಕೋಣೆಯಲ್ಲಿ ಕಾಂಡೈಲ್ ತಿರುಗುತ್ತದೆ, ಮೇಲಿನ ಕೋಣೆಯಲ್ಲಿ ಬಿಲ್ಲೆ ಮತ್ತು ಕಾಂಡೈಲ್ ಜೊತೆಯಾಗಿ ದಿಬ್ಬದ ಇಳಿಜಾರಿನ ಮೇಲೆ ಜಾರುತ್ತವೆ. ಬಿಲ್ಲೆಯ ನಡುಭಾಗದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಒತ್ತಡ ಬೀಳುವ ಜಾಗದಲ್ಲಿ ನೋವು ತಿಳಿಸುವ ನರವಿಲ್ಲದಿರುವುದು ದೇಹರಚನೆಯ ಜಾಣ್ಮೆಯೆಂದೇ ನನಗೆ ಅನ್ನಿಸುತ್ತದೆ. ನರಗಳು ದಟ್ಟವಾಗಿರುವುದು ಬಿಲ್ಲೆಯ ಹಿಂದಿನ ಮೃದು ಅಂಗಾಂಶದಲ್ಲಿ. ಬಿಲ್ಲೆ ಮುಂದಕ್ಕೆ ಸರಿದಾಗ ಹಿಸುಕಿಗೆ ಸಿಲುಕಿ ನೋಯುವುದೂ ಅದೇ. ಕೀಲಿಗೆ ಬರುವ ನರದ ಕವಲುಗಳು ಕಿವಿಯ ಸುತ್ತಲಿನ ಭಾಗಕ್ಕೂ ಹೋಗುವುದರಿಂದ, ದವಡೆಯ ನೋವನ್ನು ಕಿವಿನೋವೆಂದು ತಿಳಿದು ಕಿವಿಗೆ ಹನಿ ಹಾಕಿಕೊಳ್ಳುವವರು ಅನೇಕರಿದ್ದಾರೆ.

ಹಂತ 3: ಅಳೆಯಿರಿ

ಬಾಯಿಯನ್ನು ನೋವಾಗದಷ್ಟು ದೊಡ್ಡದಾಗಿ ತೆರೆದು, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವಿನ ಅಂತರವನ್ನು ಸ್ಕೇಲಿನಿಂದ ನೋಡಿ. ವಯಸ್ಕರಲ್ಲಿ ಸಾಮಾನ್ಯವಾಗಿ ಅದು 40ರಿಂದ 55 ಮಿಲಿಮೀಟರ್ ಇರುತ್ತದೆ. ಸ್ಕೇಲಿಲ್ಲದಿದ್ದರೆ ನಿಮ್ಮವೇ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಿ ನೋಡಬಹುದು.

ಅಂತರ 35 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಾರಣ ಕೀಲಿನಲ್ಲೇ ಇರಬೇಕೆಂದಿಲ್ಲ. ಬುದ್ಧಿಹಲ್ಲಿನ ಸುತ್ತಲಿನ ಸೋಂಕು ಅಗಿಯುವ ಸ್ನಾಯುಗಳನ್ನು ಬಿಗಿಸುತ್ತದೆ, ಧನುರ್ವಾಯುವಿನಲ್ಲಿಯೂ ದವಡೆ ಕಚ್ಚಿಕೊಳ್ಳುವುದು ಸ್ನಾಯುಗಳ ಸೆಳೆತದಿಂದಲೇ. ಅಡಿಕೆ ಬೆಳೆಯುವ, ಅಗಿಯುವ ನಮ್ಮ ನಾಡಿನಲ್ಲಿ ಇನ್ನೊಂದು ಕಾರಣವನ್ನು ಒತ್ತಿ ಹೇಳಲೇಬೇಕು. ಅಡಿಕೆಯನ್ನು, ಅದರಲ್ಲೂ ಗುಟ್ಕಾ ರೂಪದಲ್ಲಿ, ವರ್ಷಗಟ್ಟಲೆ ಅಗಿಯುವವರ ಕೆನ್ನೆಯ ಒಳಪೊರೆ ಬಿಳಿಚಿ, ಗಟ್ಟಿಯಾಗಿ, ಪಟ್ಟಿಗಳಂತೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ತಾಗಿದರೆ ಬಾಯಿ ಉರಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಸ್ಥಿತಿ ಕ್ಯಾನ್ಸರಿಗೆ ತಿರುಗಬಲ್ಲದು. ಎರಡೇ ಬೆರಳು ಹಿಡಿಸುವಂತಾಗಿದ್ದರೆ ಅಡಿಕೆಯನ್ನು ಇಂದೇ ಬಿಟ್ಟು, ತಡಮಾಡದೆ ದಂತವೈದ್ಯರಿಗೆ ತೋರಿಸಿ.

ಹಂತ 4: ಗದ್ದದ ದಾರಿಯನ್ನು ನೋಡಿ, ಸದ್ದನ್ನು ಆಲಿಸಿ

ಕನ್ನಡಿಯ ಮುಂದೆ ನಿಧಾನವಾಗಿ ಬಾಯಿ ತೆರೆಯುವಾಗ ಗದ್ದ ನೇರವಾಗಿ ಕೆಳಗಿಳಿಯಬೇಕು. ಒಂದು ಬದಿಯ ಕಾಂಡೈಲ್ ಮುಂದಕ್ಕೆ ಜಾರದಿದ್ದರೆ ಗದ್ದ ಆ ಬದಿಗೇ ವಾಲಿ ಅಲ್ಲೇ ಉಳಿಯುತ್ತದೆ. ಮೊದಲು ವಾಲಿ, ‘ಟಕ್’ ಎಂಬ ಸದ್ದಿನೊಂದಿಗೆ ನಡುವಿಗೆ ಮರಳಿದರೆ, ಮುಂದೆ ಸರಿದಿದ್ದ ಬಿಲ್ಲೆಯ ಕೆಳಕ್ಕೆ ಕಾಂಡೈಲ್ ಮತ್ತೆ ಸೇರಿಕೊಂಡಿತೆಂದು ಊಹಿಸಬಹುದು. ನೋವಿಲ್ಲದ, ಬಾಯಿ ತೆರೆಯಲು ಅಡ್ಡಿಯಾಗದ ಇಂಥ ಸದ್ದು ಬಹಳ ಜನರಲ್ಲಿರುತ್ತದೆ, ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಕರಕರ ಎಂದು ತಿಕ್ಕಿದಂಥ ಸದ್ದು ಮಾತ್ರ ಕೀಲಿನ ಮೇಲ್ಮೈ ಸವೆದಿರುವುದರ ಸೂಚನೆಯಾಗಿರಬಹುದು.

ಹಂತ 5: ಸ್ನಾಯುಗಳನ್ನು ಮುಟ್ಟಿ ನೋಡಿ

ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವುದು ಮ್ಯಾಸೆಟರ್, ಕಣತಲೆಯಲ್ಲಿ ಉಬ್ಬುವುದು ಟೆಂಪೊರಾಲಿಸ್. ಇವೆರಡೂ ಬಾಯಿ ಮುಚ್ಚಿಸುವ ಸ್ನಾಯುಗಳು. ಕಾಂಡೈಲನ್ನು ಮುಂದಕ್ಕೆಳೆಯುವ ಲ್ಯಾಟರಲ್ ಟೆರಿಗಾಯ್ಡ್ ಆಳದಲ್ಲಿರುವುದರಿಂದ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಬೆಳಿಗ್ಗೆ ಎದ್ದಾಗ ಕೆನ್ನೆ, ಕಣತಲೆಗಳನ್ನು ಒತ್ತಿದರೆ ನೋವಿದ್ದಲ್ಲಿ ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿರಬಹುದು. ವಿಶ್ರಾಂತಿಯಲ್ಲಿರುವಾಗ ತುಟಿಗಳು ಸೇರಿರಬೇಕು, ಆದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಿರಬಾರದು. ಕೆಲಸದ ನಡುವೆ ಹಲ್ಲು ಕಚ್ಚಿ ಕೂರುವವರು ಇದನ್ನು ಆಗಾಗ ನೆನಪಿಸಿಕೊಳ್ಳಬೇಕು.

ನೋವು ಶುರುವಾದರೆ ಕೆಲವು ವಾರ ಮೃದುವಾದ ಆಹಾರ ತಿನ್ನುವುದು, ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್‌ಗಳನ್ನು ದೂರವಿಡುವುದು, ಬಿಸಿ ಬಟ್ಟೆಯ ಶಾಖ ಕೊಡುವುದು, ಆಕಳಿಸುವಾಗ ಗದ್ದಕ್ಕೆ ಕೈ ಆಸರೆ ಕೊಡುವುದು, ಇಷ್ಟರಿಂದಲೇ ಬಹಳ ಜನರಿಗೆ ಗುಣ ಸಿಗುತ್ತದೆ. ಹಲ್ಲುಗಳನ್ನು ಉಜ್ಜಿ ಕಚ್ಚುವಿಕೆಯನ್ನೇ ಬದಲಿಸುವಂಥ, ಹಿಂತಿರುಗಿಸಲಾಗದ ಚಿಕಿತ್ಸೆಗೆ ಆತುರದಿಂದ ಒಪ್ಪಬೇಡಿ.

ಆಕಳಿಸಿದ ಮೇಲೆ ಬಾಯಿ ಮುಚ್ಚಲಾಗದಿದ್ದರೆ ಕಾಂಡೈಲ್ ದಿಬ್ಬವನ್ನು ದಾಟಿ ಮುಂದೆ ಸಿಲುಕಿದೆ ಎಂದರ್ಥ. ಬಲವಂತವಾಗಿ ಮುಚ್ಚಲು ಯತ್ನಿಸದೆ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಕಾಣಿಸಿಕೊಂಡು, ನಿಂತರೆ ಕಡಿಮೆಯಾಗುವ ದವಡೆನೋವು ಹೃದಯದ್ದಾಗಿರಬಹುದು. ಅದರೊಂದಿಗೆ ಎದೆ ಹಿಡಿದಂತಾಗುವುದು, ಬೆವರು, ಉಸಿರಾಟದ ಕಷ್ಟವಿದ್ದರೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ಉಳಿದ ತೊಂದರೆಗಳಿಗೆ ಮೊದಲು ದಂತವೈದ್ಯರನ್ನು, ಅಗತ್ಯವಿದ್ದರೆ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುವುದರಿಂದ, ಬಿಲ್ಲೆಯ ಸ್ಥಾನವನ್ನು ಖಚಿತವಾಗಿ ತಿಳಿಯಬೇಕಾದಾಗ ಅವರು ಎಂಆರ್‌ಐ ಬರೆದುಕೊಡುತ್ತಾರೆ.