ಹೂವಿಲ್ಲದ ವಾರಗಳ ಲೆಕ್ಕ

ಸಾಗರದ ಸಮೀಪವಿರುವ ನಮ್ಮ ಮನೆಯ ಅಂಗಳದಲ್ಲಿ ವರ್ಷವಿಡೀ ಬಣ್ಣ ಇರಬೇಕೆಂಬ ಆಸೆಯಿಂದ ಮೊದಲ ಎರಡು ವರ್ಷ ಕಂಡಕಂಡ ಗಿಡಗಳನ್ನೆಲ್ಲ ತಂದು ನೆಟ್ಟೆ. ಶ್ರಾವಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೂ. ಫೆಬ್ರವರಿ ಬಂದರೆ ದೇವರಿಗೆ ದಾಸವಾಳವೊಂದೇ ಗತಿ. ಮೂರನೆಯ ವರ್ಷ ಯಾವ ಹೂ ಯಾವಾಗ ಅರಳಿತೆಂದು ಬರೆಯುವುದನ್ನು ಬಿಟ್ಟು, ಅಂಗಳ ಬರಿದಾಗಿದ್ದ ವಾರಗಳಿಗೆ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಜೂನ್ ಕೊನೆ, ಅಕ್ಟೋಬರ್ ಮೊದಲ ಪಕ್ಷ, ಜನವರಿ ಕೊನೆಯಿಂದ ಮಾರ್ಚ್‌ವರೆಗೆ, ಹೀಗೆ ಮೂರು ಖಾಲಿ ಕಾಲಗಳು ಕಂಡವು. ಆಮೇಲೆ ನಾನು ಮಾಡಿದ್ದೆಲ್ಲ ಈ ಮೂರರಿಂದ ಹಿಂದಕ್ಕೆ ಎಣಿಸಿದ್ದು.

ಮಳೆಗಾಲದ ರಾಜ ಡೇರೆ ಹೂ, ಅಂದರೆ ಡೇಲಿಯಾ. ಮಳೆ ಹಿಡಿದ ಮೇಲೆ ಗೆಡ್ಡೆ ಹೂಳುವ ರೂಢಿಯನ್ನು ಮುರಿದು, ಅರ್ಧದಷ್ಟನ್ನು ಏಪ್ರಿಲ್ ನಡುವಿನಲ್ಲೇ ಸೂರಿನಡಿಯ ಚೀಲಗಳಿಗೆ ಹಾಕಿ ನೀರುಣಿಸತೊಡಗಿದೆ. ಉಳಿದರ್ಧ ಮೇ ಕೊನೆಗೆ. ಇದರಿಂದ ಜೂನ್ ಕೊನೆಗೇ ಮೊದಲ ಹೂ ಕಂಡಿತು. ಅಡಿಕೆ ದಬ್ಬೆಯ ಆಸರೆ ಕೊಡದಿದ್ದರೆ ನೀರು ತುಂಬಿದ ಹೂವಿನ ಭಾರಕ್ಕೆ ಗಿಡವೇ ಮಲಗುತ್ತದೆ. ಗೆಡ್ಡೆ ಕಾಪಿಡುವಾಗ ನಾನೊಮ್ಮೆ ಪೂರ್ತಿ ಸೋತಿದ್ದೇನೆ. ದಪ್ಪನೆಯ ಗೆಡ್ಡೆಗಳನ್ನು ಒಂದೊಂದಾಗಿ ಮುರಿದು ಒಣ ಮರಳಿನಲ್ಲಿಟ್ಟಿದ್ದೆ. ಬೇಸಿಗೆಯಲ್ಲಿ ಒಂದೂ ಮೊಳೆಯಲಿಲ್ಲ. ಡೇರೆಯ ಕಣ್ಣು ಗೆಡ್ಡೆಯಲ್ಲಿಲ್ಲ, ಹಳೆಯ ಕಾಂಡದ ಬುಡದಲ್ಲಿದೆ. ಆ ಬುಡದ ಚೂರು ಅಂಟಿಕೊಂಡಿರದ ಗೆಡ್ಡೆ ಎಷ್ಟು ಕೊಬ್ಬಿದ್ದರೂ ವ್ಯರ್ಥ ಎಂಬುದನ್ನು ಅತ್ತೆಯವರು ತೋರಿಸಿಕೊಟ್ಟ ಮೇಲೆಯೇ ತಿಳಿಯಿತು.

ಡೇರೆ ಸೊರಗುವ ಹೊತ್ತಿಗೆ ಚೆಂಡುಹೂ ಸಿದ್ಧವಿರಬೇಕು. ಬೀಜ ಹಾಕಿದ ಸುಮಾರು ಎರಡು ತಿಂಗಳಿಗೆ ಅದು ಅರಳುವುದರಿಂದ ಆಗಸ್ಟ್ ಮೊದಲ ವಾರವೇ ಸರಿಯಾದ ಸಮಯ. ಆದರೆ ಆಗಿನ ಮಳೆಗೆ ಬಯಲಿನ ಸಸಿಗಳು ಬುಡ ಕೊಳೆತು ಬೀಳುತ್ತವೆ. ಹಾಗಾಗಿ ಮರಳು ಬೆರೆಸಿದ ಮಣ್ಣಿನ ತಟ್ಟೆಗಳಲ್ಲಿ ಜಗಲಿಯ ಮೇಲೆ ಸಸಿ ಮಾಡಿ, ಏರುಮಡಿಗೆ ಕಿತ್ತು ನೆಟ್ಟು, ಒಮ್ಮೆ ತುದಿ ಚಿವುಟುತ್ತೇನೆ.

ಸೇವಂತಿಗೆ ನವೆಂಬರಿನಿಂದ ಮುಂದಿನ ಭಾರ ಹೊರುತ್ತದೆ. ಒಂದು ವರ್ಷ ಬಾವಿಕಟ್ಟೆಯ ಬಳಿಯ ಐದು ಗಿಡಗಳು ಮಾತ್ರ ಹಸಿರಾಗಿ ಬೆಳೆಯುತ್ತಲೇ ಇದ್ದವು, ಮೊಗ್ಗೇ ಇಲ್ಲ. ಗೊಬ್ಬರ ಹೆಚ್ಚಾಯಿತೆಂದು ಬಗೆದಿದ್ದೆ. ಕಾರಣ, ರಾತ್ರಿಯಿಡೀ ಉರಿಯುತ್ತಿದ್ದ ಅಂಗಳದ ದೀಪ. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ ಕತ್ತಲೆ ಬೇಕು. ಅಂದಿನಿಂದ ದೀಪದ ಸ್ವಿಚ್ಚು ಒಂಬತ್ತಕ್ಕೆ ಆರುತ್ತದೆ. ಮನೆಯವರ ಗೊಣಗಾಟ ಬೇರೆ ಮಾತು.

ಅತ್ಯಂತ ಕಠಿಣವಾದದ್ದು ಫೆಬ್ರವರಿ. ಡೇರೆ ಕಿತ್ತ ಜಾಗಕ್ಕೆ ಅಕ್ಟೋಬರಿನಲ್ಲಿ ಬೀಜ ಹಾಕಿ ಬೆಳೆಸಿದ ಪೆಟೂನಿಯಾ ಮತ್ತು ಫ್ಲಾಕ್ಸ್ ಸಸಿಗಳನ್ನು ತುಂಬಿದೆ. ಬೇಲಿಗೆ ಬೋಗನ್‌ವಿಲ್ಲಾ ಹಬ್ಬಿಸಿದೆ. ಅದರ ಮುಳ್ಳು ನನಗೆ ಇಷ್ಟವಿಲ್ಲ, ಆದರೆ ನೀರು ಕಡಿಮೆಯಾದಷ್ಟೂ ಮೈತುಂಬ ಬಣ್ಣ ತಳೆಯುವ ಗಿಡ ಬೇರೆ ಸಿಗಲಿಲ್ಲ. ದುಂಡುಮಲ್ಲಿಗೆ ಹೊಸ ಚಿಗುರಿನಲ್ಲಷ್ಟೇ ಹೂ ಬಿಡುವುದರಿಂದ ಡಿಸೆಂಬರ್ ಕೊನೆಗೆ ನೀರು ನಿಲ್ಲಿಸಿ, ಸವರಿ, ಜನವರಿಯಲ್ಲಿ ಹಟ್ಟಿಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತೇನೆ.

ಈ ವರ್ಷದ ಕ್ಯಾಲೆಂಡರಿನಲ್ಲಿ ಮಾರ್ಚ್ ಮೊದಲ ವಾರದ ಗುರುತೊಂದು ಉಳಿದಿದೆ. ಪೆಟೂನಿಯಾ ಆಗಲೇ ಬಾಡಿತ್ತು, ಮಲ್ಲಿಗೆ ಇನ್ನೂ ಮೊಗ್ಗಾಗಿತ್ತು. ಮುಂದಿನ ಸಲ ಒಂದು ಸಾಲು ಮಲ್ಲಿಗೆಯನ್ನು ಹತ್ತು ದಿನ ಮೊದಲೇ ಸವರಿ ನೋಡುವವಳಿದ್ದೇನೆ.