ರೆವಿಟ್‌ನಲ್ಲಿ ಫ್ಯಾಮಿಲಿಯೊಳಗಿನ ಫ್ಯಾಮಿಲಿ: ಗುರುತಿನ ಅಕ್ಷರ ಪ್ರಾಜೆಕ್ಟ್‌ವರೆಗೂ ತಲುಪಬೇಕಾದರೆ

ಕಟ್ಟಡಗಳ 3ಡಿ ಮಾದರಿ ಮಾಡುವ ತಂತ್ರಾಂಶ ರೆವಿಟ್. ಅದರಲ್ಲಿ ಮತ್ತೆ ಮತ್ತೆ ಬಳಸಲು ಮಾಡಿಟ್ಟ ಸಿದ್ಧ ವಸ್ತುವೇ ಫ್ಯಾಮಿಲಿ, ಅದನ್ನು ತಂದಿಡುವ ಕಟ್ಟಡದ ಕಡತವೇ ಪ್ರಾಜೆಕ್ಟ್. ನಾಲ್ಕು ಜನರ ಆಫೀಸ್ ಟೇಬಲ್ ಒಂದು ಫ್ಯಾಮಿಲಿ. ಅದರೊಳಗೆ ನಾಲ್ಕು ಸಾಕೆಟ್. ಪ್ರತಿ ಸಾಕೆಟ್‌ನೊಳಗೆ ಪ್ಲಾನಿನಲ್ಲಿ ಕಾಣಬೇಕಾದ ಒಂದು ಪುಟ್ಟ ವೃತ್ತ, ವೃತ್ತದ ನಡುವೆ ಎಸ್1, ಎಸ್2 ಎಂಬ ಗುರುತು. ಟೇಬಲನ್ನು ಪ್ರಾಜೆಕ್ಟ್‌ಗೆ ತಂದಿಟ್ಟರೆ ಮೇಜು ಬರುತ್ತದೆ, ಸಾಕೆಟ್‌ನ ಪೆಟ್ಟಿಗೆಯೂ ಬರುತ್ತದೆ, ಗುರುತು ಮಾತ್ರ ನಾಪತ್ತೆ. ಸಾಕೆಟ್ ಫ್ಯಾಮಿಲಿಯನ್ನು ತೆರೆದು ನೋಡಿದರೆ ಅಲ್ಲಿ ಎಲ್ಲವೂ ನೆಟ್ಟಗಿದೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದೇ ಮುಖ ಹೊತ್ತು ಬರುತ್ತವೆ. ಚಿಹ್ನೆಯೇ ಕಾಣದಿರುವುದು ಒಂದು, ಚಿಹ್ನೆ ಕಂಡರೂ ಅದರೊಳಗಿನ ಲೇಬಲ್‌ಗೆ (ತುಂಬಿದ ಮಾಹಿತಿಯನ್ನು ಅಕ್ಷರವಾಗಿ ತೋರಿಸುವ ಜಾಗಕ್ಕೆ) ಬೆಲೆ, ಅಂದರೆ ಆ ಮಾಹಿತಿ, ತಲುಪದಿರುವುದು ಇನ್ನೊಂದು. ಎರಡನ್ನೂ ಬೆರೆಸಿಕೊಂಡು ಹುಡುಕಿದರೆ ಅರ್ಧ ದಿನ ಹೋಗುತ್ತದೆ. ಅದಕ್ಕೇ ನಾನು ಚಿಹ್ನೆಯೊಳಗೆ ಅಕ್ಷರವನ್ನಷ್ಟೇ ಬಿಡದೆ ಒಂದು ವೃತ್ತವನ್ನೋ ಗೆರೆಯನ್ನೋ ಹಾಕಿಯೇ ಶುರು ಮಾಡುತ್ತೇನೆ. ಪ್ರಾಜೆಕ್ಟ್‌ನಲ್ಲಿ ವೃತ್ತವಿದೆ, ಅಕ್ಷರವಿಲ್ಲ ಎಂದಾದರೆ ಬೆಲೆಯ ತೊಂದರೆ. ವೃತ್ತವೂ ಇಲ್ಲ ಎಂದಾದರೆ ಕಾಣಿಸುವಿಕೆಯ ತೊಂದರೆ. ಕೊನೆಗೆ ವೃತ್ತ ಬೇಡವೆನಿಸಿದರೆ ಅಳಿಸಿದರಾಯಿತು.

ಮೊದಲಿಗೆ ಚಿಹ್ನೆ. ಮಾಡೆಲ್ ಫ್ಯಾಮಿಲಿಯ ಎಡಿಟರ್‌ನಲ್ಲಿ ಕಾಗದದ ಅಳತೆಯ ಟೆಕ್ಸ್ಟ್ ಬರೆಯುವ ಸಲಕರಣೆಯೇ ಇಲ್ಲ, ಇರುವುದು ಮಾಡೆಲ್ ಟೆಕ್ಸ್ಟ್ ಮಾತ್ರ. ಹಾಗಾಗಿ ಅಕ್ಷರವನ್ನು ಜೆನೆರಿಕ್ ಅನೊಟೇಶನ್ (ಕಾಗದದ ಅಳತೆಯ ಚಿಹ್ನೆ) ಫ್ಯಾಮಿಲಿಯಲ್ಲಿ ಬರೆದು ಒಳಗೆ ತರಬೇಕು. ಆ ಟೆಂಪ್ಲೇಟ್ ತೆರೆದಾಗ ಒಂದು ಸೂಚನೆಯ ಬರಹ ಇರುತ್ತದೆ, ಮೊದಲು ಅದನ್ನು ಅಳಿಸಿ. ಮರೆತರೆ ಸಾಕೆಟ್ ಇದ್ದಲ್ಲೆಲ್ಲ ಆ ಸೂಚನೆಯೂ ಪ್ರಿಂಟ್ ಆಗುತ್ತದೆ. ಎರಡು ರೆಫರೆನ್ಸ್ ಪ್ಲೇನ್‌ಗಳು ಕೂಡುವ ಬಿಂದುವೇ ಚಿಹ್ನೆ ಕೂರುವ ಜಾಗ. ಅಲ್ಲಿ 5 ಮಿ.ಮೀ. ವ್ಯಾಸದ ವೃತ್ತ ಎಳೆದು ನಡುವೆ ಲೇಬಲ್ ಇಡುತ್ತೇನೆ, ಅಕ್ಷರದ ಎತ್ತರ 2.5 ಮಿ.ಮೀ. ಲೇಬಲ್‌ನ ಅಲೈನ್‌ಮೆಂಟ್ ಅಡ್ಡಕ್ಕೂ ಉದ್ದಕ್ಕೂ ನಡುವಿಗೇ ಇರಲಿ. ಟೇಬಲನ್ನು ತಿರುಗಿಸಿದಾಗ, ಮಿರರ್ ಮಾಡಿದಾಗ ಎಡಕ್ಕೆ ಒತ್ತಿಕೊಂಡ ಅಕ್ಷರ ವೃತ್ತದಿಂದ ಹೊರಗೆ ಜಾರುತ್ತದೆ, ನಡುವೆ ನಿಂತದ್ದು ಅಲ್ಲೇ ಇರುತ್ತದೆ. ಫ್ಯಾಮಿಲಿ ಕ್ಯಾಟಗರಿ ಅಂಡ್ ಪ್ಯಾರಾಮೀಟರ್ಸ್‌ನಲ್ಲಿ 'ಕೀಪ್ ಟೆಕ್ಸ್ಟ್ ರೀಡಬಲ್'ಗೆ ಟಿಕ್ ಹಾಕಿದರೆ ಅಕ್ಷರ ತಲೆಕೆಳಗಾಗುವುದಿಲ್ಲ.

ಲೇಬಲ್ ಇಡುವಾಗ ತೆರೆಯುವ ಎಡಿಟ್ ಲೇಬಲ್ ಕಿಟಕಿಯಲ್ಲಿ ಹೊಸ ಪ್ಯಾರಾಮೀಟರ್ (ಬೆಲೆ ತುಂಬುವ ಹೆಸರಿಟ್ಟ ಜಾಗ) ಮಾಡುವ ಬಟನ್ ಇದೆ. ಹೆಸರು 'ಗುರುತು', ಬಗೆ (ಹೊಸ ಆವೃತ್ತಿಗಳಲ್ಲಿ ಇದನ್ನು ಡೇಟಾ ಟೈಪ್ ಎನ್ನುತ್ತಾರೆ) ಟೆಕ್ಸ್ಟ್, ಮತ್ತು ಇನ್‌ಸ್ಟೆನ್ಸ್. ಇನ್‌ಸ್ಟೆನ್ಸ್ ಎಂದರೆ ಇಟ್ಟ ಪ್ರತಿಯೊಂದಕ್ಕೂ ತನ್ನದೇ ಬೆಲೆ, ಟೈಪ್ ಎಂದರೆ ಆ ಬಗೆಯ ಎಲ್ಲಕ್ಕೂ ಒಂದೇ ಬೆಲೆ. ಈ ಕೊನೆಯ ಆಯ್ಕೆಯನ್ನು ಟೈಪ್ ಎಂದು ಬಿಟ್ಟರೆ ಮುಂದೆ ಏನಾಗುತ್ತದೆ ಎಂಬುದನ್ನು ಕೆಳಗೆ ಹೇಳುತ್ತೇನೆ. ಲೇಬಲ್‌ನ ಪೆಟ್ಟಿಗೆ ಚಿಕ್ಕದಾಗಿದ್ದರೆ ಎಸ್12 ಎಂಬುದು ಎರಡು ಸಾಲಾಗಿ ಒಡೆಯುತ್ತದೆ. ಹಿಡಿಕೆ ಹಿಡಿದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಅಗಲ ಮಾಡಿಬಿಡಿ, ಪೆಟ್ಟಿಗೆಯ ಅಂಚು ಹೇಗೂ ಕಾಣುವುದಿಲ್ಲ. ಇನ್ನೊಂದು ಮಾತು: ಚಿಹ್ನೆಯ ಎಡಿಟರ್‌ನಲ್ಲಿ ಕಾಣುವುದು ಮಾದರಿ ಬೆಲೆ ಮಾತ್ರ. ಅಲ್ಲಿ ಅಕ್ಷರ ಚೆಂದ ಕಂಡಿತೆಂದು ನಂಬಬೇಡಿ.

ಈಗ ಸಾಕೆಟ್. ಅದರ ರೆಫ್. ಲೆವೆಲ್ ಪ್ಲಾನ್ ತೆರೆದು, ಅನೊಟೇಟ್ ಟ್ಯಾಬ್‌ನ ಸಿಂಬಲ್ ಒತ್ತಿ ಚಿಹ್ನೆಯನ್ನು ಇಡಿ. ಯಾವ ನೋಟದಲ್ಲಿ ಇಟ್ಟಿರೋ ಅದಕ್ಕೆ ಸಮಾನಾಂತರವಾದ ನೋಟದಲ್ಲಷ್ಟೇ ಅದು ಪ್ರಾಜೆಕ್ಟ್‌ನಲ್ಲೂ ಕಾಣುತ್ತದೆ. ಎಲಿವೇಶನ್‌ನಲ್ಲೂ ಬೇಕಿದ್ದರೆ ಫ್ರಂಟ್ ನೋಟ ತೆರೆದು ಇನ್ನೊಂದು ಪ್ರತಿ ಇಡಬೇಕು. 3ಡಿ ನೋಟದಲ್ಲಿ ಈ ದಾರಿಯಿಂದ ಏನೂ ಬರುವುದಿಲ್ಲ.

ಇಟ್ಟ ಚಿಹ್ನೆಯನ್ನು ಆಯ್ಕೆ ಮಾಡಿದರೆ ಪ್ರಾಪರ್ಟೀಸ್‌ನಲ್ಲಿ 'ಗುರುತು' ಎಂಬ ಸಾಲು ಕಾಣುತ್ತದೆ. ಆ ಸಾಲಿನ ಬಲತುದಿಯಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಚೌಕದ ಬಟನ್ ಇದೆ. ಅದೇ ಅಸೋಸಿಯೇಟ್ ಫ್ಯಾಮಿಲಿ ಪ್ಯಾರಾಮೀಟರ್. ಒತ್ತಿ, ಸಾಕೆಟ್‌ಗೂ 'ಸಾಕೆಟ್ ಗುರುತು' ಎಂಬ ಪ್ಯಾರಾಮೀಟರ್ ಹೊಸದಾಗಿ ಮಾಡಿ: ಮತ್ತೆ ಟೆಕ್ಸ್ಟ್, ಮತ್ತೆ ಇನ್‌ಸ್ಟೆನ್ಸ್. ಸಂಬಂಧ ಕುದುರಿದರೆ ಆ ಚೌಕದಲ್ಲಿ ಸಮ ಚಿಹ್ನೆ ಮೂಡುತ್ತದೆ. ಪಟ್ಟಿಯಲ್ಲಿ ನೀವು ಮಾಡಿದ ಪ್ಯಾರಾಮೀಟರ್ ಕಾಣುತ್ತಿಲ್ಲವೆಂದರೆ ಎರಡರ ಬಗೆ ಬೇರೆಯಾಗಿದೆ ಎಂದರ್ಥ, ಒಂದು ಟೆಕ್ಸ್ಟ್ ಇನ್ನೊಂದು ನಂಬರ್ ಆಗಿರುತ್ತದೆ. ಹೆಸರು ಒಂದೇ ಇರಬೇಕೆಂದೇನೂ ಇಲ್ಲ. ಪ್ರತಿ ಹಂತಕ್ಕೂ ಬೇರೆ ಹೆಸರಿಟ್ಟರೆ ಯಾವುದು ಯಾವ ಮಟ್ಟದ್ದು ಎಂದು ತಿಳಿಯುತ್ತದೆ, ಆಮೇಲೆ ಹುಡುಕುವುದು ಸುಲಭ. ಫ್ಯಾಮಿಲಿ ಟೈಪ್ಸ್ ಕಿಟಕಿಯಲ್ಲಿ ಆರಂಭದ ಬೆಲೆಯಾಗಿ ಎಕ್ಸ್‌ಎಕ್ಸ್ ಎಂದು ತುಂಬಿ. ಬೆಲೆ ಖಾಲಿಯಿದ್ದರೆ ಲೇಬಲ್ ಏನನ್ನೂ ತೋರಿಸುವುದಿಲ್ಲ, ಆಗ ತಪ್ಪಿರುವುದು ಎಲ್ಲೋ ಎಂಬ ಅನುಮಾನ ಸುಮ್ಮನೆ ಶುರುವಾಗುತ್ತದೆ.

ಇಲ್ಲಿಗೆ ನಿಲ್ಲಿಸಿ ಸಾಕೆಟನ್ನು ಒಂಟಿಯಾಗಿ ಪ್ರಾಜೆಕ್ಟ್‌ಗೆ ಹಾಕಿ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಇಲ್ಲಿ ಎಕ್ಸ್‌ಎಕ್ಸ್ ಕಂಡರೆ ಕೆಳಗಿನ ಎರಡು ಹಂತ ಗಟ್ಟಿಯಾದವು. ಮುಂದೆ ಏನೇ ಕೆಟ್ಟರೂ ಅದು ಟೇಬಲ್‌ನ ಮಟ್ಟದ್ದು.

ಹೆಚ್ಚಿನವರು ಎಡವುವುದು ಆ ಮಟ್ಟದಲ್ಲೇ. ಮಾಡೆಲ್ ಫ್ಯಾಮಿಲಿಯೊಳಗಿನ ಚಿಹ್ನೆ ಒಂದು ಹಂತದವರೆಗೆ ತಾನಾಗಿ ಕಾಣುತ್ತದೆ. ಅದೇ ಮಾಡೆಲ್ ಫ್ಯಾಮಿಲಿಯನ್ನು ಇನ್ನೊಂದರೊಳಗೆ ಕೂರಿಸಿದೊಡನೆ ಕಾಣೆಯಾಗುತ್ತದೆ. ಸಾಕೆಟ್ ಫ್ಯಾಮಿಲಿಯ ಕ್ಯಾಟಗರಿ ಅಂಡ್ ಪ್ಯಾರಾಮೀಟರ್ಸ್ ತೆರೆದು 'ಶೇರ್ಡ್' ಎಂಬಲ್ಲಿ ಟಿಕ್ ಹಾಕಬೇಕು. ಟಿಕ್ ಬೇಕಾದದ್ದು ಚಿಹ್ನೆಯನ್ನು ಹೊತ್ತ ನಡುವಿನ ಫ್ಯಾಮಿಲಿಗೆ. ಹೊರಗಿನ ಟೇಬಲ್‌ಗೆ ಟಿಕ್ ಹಾಕಿ ಕಾಯುತ್ತಾ ಕೂತರೆ ಏನೂ ಆಗದು.

ಶೇರ್ಡ್ ಮಾಡಿದ ಮೇಲೆ ಸಾಕೆಟ್ ತನ್ನದೇ ಅಸ್ತಿತ್ವ ಪಡೆಯುತ್ತದೆ. ಶೆಡ್ಯೂಲ್‌ನಲ್ಲಿ (ಪ್ರಾಜೆಕ್ಟ್‌ನ ವಸ್ತುಗಳ ಪಟ್ಟಿಯಲ್ಲಿ) ಪ್ರತಿ ಸಾಕೆಟ್ ಬೇರೆ ಸಾಲಾಗಿ ಎಣಿಕೆಗೆ ಬರುತ್ತದೆ, ಅದಕ್ಕೆ ಟ್ಯಾಗ್ (ವಸ್ತುವಿನ ಮಾಹಿತಿ ತೋರಿಸುವ ಚೀಟಿ) ಹಾಕಬಹುದು, ಟ್ಯಾಬ್ ಕೀ ಒತ್ತಿ ಅದೊಂದನ್ನೇ ಆಯ್ಕೆ ಮಾಡಬಹುದು. ವಿದ್ಯುತ್ ಕೆಲಸದಲ್ಲಿ ಇದು ಲಾಭವೇ. ಆದರೆ ಇದಕ್ಕೊಂದು ಮಿತಿಯಿದೆ: ಶೇರ್ಡ್ ಫ್ಯಾಮಿಲಿಯ ಟೈಪ್ ಪ್ಯಾರಾಮೀಟರ್‌ಗಳನ್ನು ಹೊರಗಿನ ಫ್ಯಾಮಿಲಿಯಿಂದ ನಡೆಸಲಾಗದು, ಇನ್‌ಸ್ಟೆನ್ಸ್ ಪ್ಯಾರಾಮೀಟರ್‌ಗಳನ್ನು ಮಾತ್ರ ನಡೆಸಬಹುದು. ಮೇಲೆ ಎರಡು ಸಲ ಇನ್‌ಸ್ಟೆನ್ಸ್ ಎಂದು ಒತ್ತಿ ಹೇಳಿದ್ದು ಇದಕ್ಕೇ. 'ಸಾಕೆಟ್ ಗುರುತು' ಟೈಪ್ ಆಗಿದ್ದರೆ, ಕಾಣಿಸುವ ತೊಂದರೆ ಬಗೆಹರಿದ ಆ ಗಳಿಗೆಯಲ್ಲೇ ಬೆಲೆಯ ತೊಂದರೆ ಹುಟ್ಟಿಕೊಳ್ಳುತ್ತದೆ. ವೃತ್ತ ಬರುತ್ತದೆ, ನಾಲ್ಕೂ ಸಾಕೆಟ್‌ಗಳಲ್ಲಿ ಎಕ್ಸ್‌ಎಕ್ಸ್ ಎಂದೇ ನಿಂತಿರುತ್ತದೆ.

ಟೇಬಲ್‌ನಲ್ಲಿ ಉಳಿದ ಕೆಲಸ ಸಣ್ಣದು. ನಾಲ್ಕು ಸಾಕೆಟ್ ಇಟ್ಟು, ಗುರುತು 1ರಿಂದ ಗುರುತು 4ರವರೆಗೆ ನಾಲ್ಕು ಪ್ಯಾರಾಮೀಟರ್ ಮಾಡಿ, ಒಂದೊಂದಕ್ಕೆ ಒಂದೊಂದನ್ನು ಜೋಡಿಸಿ. ಒಂದು ಸಾಕೆಟ್ ಜೋಡಿಸಿ ಆಮೇಲೆ ಕಾಪಿ ಮಾಡಿದರೆ ಪ್ರತಿಗಳೂ ಗುರುತು 1ಕ್ಕೇ ಅಂಟಿಕೊಂಡಿರುತ್ತವೆ. ಅದಕ್ಕೆ ನಾಲ್ಕನ್ನೂ ಇಟ್ಟ ಮೇಲೆಯೇ ಜೋಡಿಸಿ. ಆರಂಭದ ಬೆಲೆಗಳು ಎಸ್1, ಎಸ್2, ಎಸ್3, ಎಸ್4 ಎಂದು ಬೇರೆ ಬೇರೆ ಇದ್ದರೆ ತಪ್ಪು ಜೋಡಣೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಪ್ರಾಜೆಕ್ಟ್‌ನಲ್ಲಿ ಟ್ಯಾಬ್ ಒತ್ತಿ ಸಾಕೆಟನ್ನು ಆಯ್ಕೆ ಮಾಡಿದಾಗ ಅದರ ಗುರುತಿನ ಸಾಲು ಮಂಕಾಗಿದ್ದರೆ ಗಾಬರಿ ಬೇಡ. ಅದು ಟೇಬಲ್‌ನ ಹಿಡಿತದಲ್ಲಿದೆ, ಬದಲಿಸಬೇಕಾದದ್ದು ಅಲ್ಲಿ.

'ಮಾರ್ಕ್' ಎಂಬ ಸಿದ್ಧ ಪ್ಯಾರಾಮೀಟರನ್ನೇ ಚಿಹ್ನೆಯಲ್ಲಿ ತೋರಿಸಬಾರದೇ ಎಂದು ಕೇಳುವವರಿದ್ದಾರೆ. ಫ್ಯಾಮಿಲಿ ಎಡಿಟರ್‌ನಲ್ಲಿ ಮಾರ್ಕ್ ಸಿಗುವುದೇ ಇಲ್ಲ, ಆದ್ದರಿಂದ ಜೋಡಿಸಲು ದಾರಿಯಿಲ್ಲ. ಮಾರ್ಕ್ ಆಗಲಿ, ಸರ್ಕ್ಯೂಟ್ ಸಂಖ್ಯೆಯಾಗಲಿ ಬೇಕಿದ್ದರೆ ಟ್ಯಾಗ್ ಬಳಸಿ. ಸಾಕೆಟ್ ಹೇಗೂ ಶೇರ್ಡ್ ಆಗಿದೆ, ಟ್ಯಾಗ್ ಸಲೀಸಾಗಿ ಕೂರುತ್ತದೆ.

ಸ್ಕೇಲ್ ವಿಚಾರಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಚಿಹ್ನೆ ಕಾಗದದ ಅಳತೆಯಲ್ಲಿ ಬದುಕುತ್ತದೆ, ಟೇಬಲ್ ನಿಜದ ಅಳತೆಯಲ್ಲಿ. 5 ಮಿ.ಮೀ. ವೃತ್ತ 1:50ರ ಪ್ಲಾನಿನಲ್ಲಿ 250 ಮಿ.ಮೀ. ಜಾಗ ಹಿಡಿದರೆ, 1:100ರಲ್ಲಿ 500 ಮಿ.ಮೀ., 1:200ರಲ್ಲಿ ಒಂದು ಮೀಟರ್. ಟೇಬಲ್‌ನ ಅಂಚಿನಿಂದ 300 ಮಿ.ಮೀ. ದೂರದಲ್ಲಿ ವೃತ್ತದ ನಡುಬಿಂದು ಇಟ್ಟಿದ್ದೇವೆ ಎನ್ನಿ. 1:50ರಲ್ಲಿ ಅಂಚಿಗೂ ವೃತ್ತಕ್ಕೂ 175 ಮಿ.ಮೀ. ಬಿಡುವಿದೆ. 1:100ರಲ್ಲಿ ಬರೀ 50, ಅಂದರೆ ಕಾಗದದ ಮೇಲೆ ಅರ್ಧ ಮಿಲಿಮೀಟರ್. 1:200ಕ್ಕೆ ಹೋದರೆ ವೃತ್ತ ಟೇಬಲ್‌ನೊಳಗೆ 200 ಮಿ.ಮೀ. ನುಗ್ಗಿರುತ್ತದೆ. ಸಾಕೆಟ್ ಫ್ಯಾಮಿಲಿಯಲ್ಲಿ ಆ 300ನ್ನು ಎಷ್ಟು ತಿದ್ದಿದರೂ ಒಂದು ಸ್ಕೇಲ್‌ಗೆ ಸರಿಹೋದದ್ದು ಇನ್ನೊಂದಕ್ಕೆ ಕೆಡುತ್ತದೆ. ಪರಿಹಾರ ಚಿಹ್ನೆಯೊಳಗೇ ಇದೆ. ಸಾಕೆಟ್‌ನಲ್ಲಿ ಚಿಹ್ನೆಯನ್ನು ಅಂಚಿನ ಮೇಲೇ ಕೂರಿಸಿ, ಚಿಹ್ನೆಯ ಫ್ಯಾಮಿಲಿಯಲ್ಲಿ ವೃತ್ತ ಮತ್ತು ಲೇಬಲ್ ಎರಡನ್ನೂ ಕೂರುವ ಬಿಂದುವಿನಿಂದ 4 ಮಿ.ಮೀ. ಆಚೆ ಸರಿಸಿ. ಆಗ ಯಾವ ಸ್ಕೇಲ್‌ನಲ್ಲೂ ಕಾಗದದ ಮೇಲೆ ಬಿಡುವು ಒಂದೂವರೆ ಮಿ.ಮೀ. ಬೇಕಿದ್ದರೆ ಬಿಂದುವಿನಿಂದ ವೃತ್ತದವರೆಗೆ ಒಂದು ಸಣ್ಣ ಗೆರೆ ಎಳೆಯಿರಿ, ಯಾವ ಗುರುತು ಯಾವ ಸಾಕೆಟ್‌ನದು ಎಂಬುದು ಸ್ಪಷ್ಟವಾಗುತ್ತದೆ.

3ಡಿ ನೋಟದಲ್ಲಿ ಅಕ್ಷರ ಬೇಕೇ ಬೇಕೆಂದಾದರೆ ಮಾಡೆಲ್ ಟೆಕ್ಸ್ಟ್ ಬಳಸಿ, ಅದರ ಬರಹವನ್ನೂ ಇದೇ ರೀತಿ ಟೆಕ್ಸ್ಟ್ ಪ್ಯಾರಾಮೀಟರ್‌ಗೆ ಜೋಡಿಸಬಹುದು. ಅದು ಘನಾಕೃತಿಯಾದ್ದರಿಂದ ಶೇರ್ಡ್ ಇಲ್ಲದೆಯೂ ಮೇಲಕ್ಕೆ ಬರುತ್ತದೆ. ಸ್ಕೇಲ್‌ಗೆ ಮಾತ್ರ ಬಗ್ಗುವುದಿಲ್ಲ: 1:100ರಲ್ಲಿ 2.5 ಮಿ.ಮೀ. ಕಾಣಬೇಕಾದರೆ 250 ಮಿ.ಮೀ. ಎತ್ತರ ಕೊಡಬೇಕು, 1:50ಕ್ಕೆ ಬಂದರೆ ಅದೇ 5 ಮಿ.ಮೀ. ಆಗಿ ಕೂತಿರುತ್ತದೆ.

ಗೋಡೆಗೆ ಅಂಟುವ ಫೇಸ್-ಬೇಸ್ಡ್ ಸಾಕೆಟ್ ಆದರೆ ಕಥೆ ಬೇರೆ. ಗೋಡೆಯ ಮೇಲೆ ಕೂತಾಗ ಫ್ಯಾಮಿಲಿಯೇ ಎದ್ದು ನಿಲ್ಲುತ್ತದೆ, ಜೊತೆಗೆ ಚಿಹ್ನೆಯೂ ಎದ್ದು ನಿಂತು ಪ್ಲಾನಿನಿಂದ ಮರೆಯಾಗುತ್ತದೆ. ಎಲೆಕ್ಟ್ರಿಕಲ್ ಫಿಕ್ಸ್‌ಚರ್ಸ್, ಲೈಟಿಂಗ್ ಡಿವೈಸಸ್ ಮೊದಲಾದ ಕ್ಯಾಟಗರಿಗಳಲ್ಲಿ ಇದಕ್ಕೆಂದೇ 'ಮೇಂಟೇನ್ ಅನೊಟೇಶನ್ ಓರಿಯಂಟೇಶನ್' ಎಂಬ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ.

ಇಷ್ಟಾದ ಮೇಲೂ ವೃತ್ತ ಕಾಣದಿದ್ದರೆ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆದು ಅನೊಟೇಶನ್ ಕ್ಯಾಟಗರೀಸ್‌ನಲ್ಲಿ ಜೆನೆರಿಕ್ ಅನೊಟೇಶನ್ಸ್ ಚಾಲೂ ಇದೆಯೇ, ಸಾಕೆಟ್‌ನ ಕ್ಯಾಟಗರಿ ಚಾಲೂ ಇದೆಯೇ, ಸಾಕೆಟ್ ವ್ಯೂ ರೇಂಜ್‌ನೊಳಗೆ ಇದೆಯೇ ಎಂದು ನೋಡಿ. ಎಲ್ಲವೂ ಸರಿಯಿದ್ದು ಇನ್ನೂ ಹಳೆಯದೇ ಕಾಣುತ್ತಿದ್ದರೆ ಲೋಡ್ ಮಾಡಿದ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ತಪ್ಪಿದೆ. ಚಿಹ್ನೆ ತಿದ್ದಿದರೆ ಅದು ಸಾಕೆಟ್‌ಗೆ, ಸಾಕೆಟ್ ಟೇಬಲ್‌ಗೆ, ಟೇಬಲ್ ಪ್ರಾಜೆಕ್ಟ್‌ಗೆ ಲೋಡ್ ಆಗಬೇಕು. ಕೊನೆಯ ಹಂತದಲ್ಲಿ, ಶೇರ್ಡ್ ಸಾಕೆಟ್ ಪ್ರಾಜೆಕ್ಟ್‌ನಲ್ಲಿ ಆಗಲೇ ಇದೆ, ಯಾವುದನ್ನು ಬಳಸಲಿ ಎಂದು ರೆವಿಟ್ ಕೇಳುತ್ತದೆ. ಅಭ್ಯಾಸಬಲದಿಂದ ಓಕೆ ಒತ್ತಿದರೆ ಪ್ರಾಜೆಕ್ಟ್‌ನ ಹಳೆಯ ಸಾಕೆಟ್ ಹಾಗೇ ಉಳಿದುಬಿಡಬಹುದು. ಒಳಬರುತ್ತಿರುವ ಫ್ಯಾಮಿಲಿಯಲ್ಲಿರುವುದನ್ನು ಬಳಸು ಎಂಬ ಆಯ್ಕೆಯನ್ನು ಓದಿ ಒತ್ತಬೇಕು. ಹಾಗೆ ಒತ್ತಿದರೂ ಮೊದಲೇ ಇಟ್ಟ ಟೇಬಲ್‌ಗಳ ಇನ್‌ಸ್ಟೆನ್ಸ್ ಬೆಲೆಗಳು ಬದಲಾಗುವುದಿಲ್ಲ, ಹೊಸ ಆರಂಭದ ಬೆಲೆ ಹೊಸದಾಗಿ ಇಟ್ಟವಕ್ಕೆ ಮಾತ್ರ. ಹಳೆಯವನ್ನು ಟೇಬಲ್‌ಗಳ ಶೆಡ್ಯೂಲ್ ತೆರೆದು ಅಲ್ಲೇ ಸಾಲು ಸಾಲಾಗಿ ತುಂಬುವುದು ಬೇಗ ಆಗುತ್ತದೆ. ಆದರೆ ಗುರುತು 1ರಿಂದ 4 ಶೆಡ್ಯೂಲ್‌ನ ಪಟ್ಟಿಯಲ್ಲಿ ಕಾಣಬೇಕಾದರೆ ಅವನ್ನು ಮೊದಲೇ ಶೇರ್ಡ್ ಪ್ಯಾರಾಮೀಟರ್‌ಗಳಾಗಿ (ಮೇಲಿನ 'ಶೇರ್ಡ್' ಟಿಕ್ ಅಲ್ಲ, ಹಲವು ಫ್ಯಾಮಿಲಿ ಮತ್ತು ಪ್ರಾಜೆಕ್ಟ್‌ಗಳು ಹಂಚಿಕೊಳ್ಳುವ ಪ್ಯಾರಾಮೀಟರ್) ಮಾಡಿಟ್ಟಿರಬೇಕು.