ಶಿಫ್ಟಿಗೆ ಹೋಗುವ ಮನೆಯಲ್ಲೂ ಮುದ್ದೆ, ಬಸ್ಸಾರು: ದಿನದ ಅಡುಗೆ ಕೈಬಿಡದಿರಲು ಏನು ಮಾಡಬೇಕು

ಮುದ್ದೆ ಮಾಡಲು ಇಪ್ಪತ್ತು ನಿಮಿಷ ಸಾಕು. ಕಾಳು ನೆನೆದಿದ್ದು, ಸೊಪ್ಪು ಬಿಡಿಸಿಟ್ಟಿದ್ದರೆ ಬಸ್ಸಾರು ಮುಕ್ಕಾಲು ಗಂಟೆಯ ಕೆಲಸ. ಹೊತ್ತು ತಿನ್ನುವುದು ಒಲೆ ಹಚ್ಚುವ ಮುಂಚಿನದು: ರಾಗಿ ಹಸನು ಮಾಡಿ ಮಿಲ್ಲಿಗೆ ಹಾಕಿಸುವುದು, ಖಾರ ಹುರಿಯುವುದು, ಸೊಪ್ಪು ಸೋಸುವುದು, ಅವರೆಕಾಯಿ ಸುಲಿಯುವುದು. ಹಿಂದೆ ಇದೆಲ್ಲ ಅಜ್ಜಿ, ಅತ್ತೆ, ಓರಗಿತ್ತಿ, ಮಕ್ಕಳ ಕೈಗೆ ಹಂಚಿಹೋಗಿ, ಜಗಲಿ ಮೇಲೆ ಮಾತಾಡುತ್ತಲೇ ಮುಗಿಯುತ್ತಿತ್ತು. ಈಗ ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳ ಬಸ್ಸು ಹತ್ತುವವರ ಮನೆಯಲ್ಲಿ, ಬಂಗಾರಪೇಟೆಯಿಂದಲೋ ತುಮಕೂರಿನಿಂದಲೋ ದಿನಾ ಬೆಂಗಳೂರಿಗೆ ರೈಲು ಹಿಡಿಯುವವರ ಮನೆಯಲ್ಲಿ ಅಷ್ಟು ಕೈಗಳಿಲ್ಲ. ಇರುವ ಒಂದು ಜೊತೆ ಕೈ ಸಂಜೆ ಏಳಕ್ಕೆ ಮನೆ ಸೇರುತ್ತದೆ. ಆಗ ಕಾಳು ನೆನೆದಿಲ್ಲ, ಹಿಟ್ಟು ತೀರಿದೆ ಎಂದು ಗೊತ್ತಾದರೆ ಪಾರ್ಸೆಲ್ ತರಿಸುವುದು ಸೋಮಾರಿತನವಲ್ಲ, ಬೇರೆ ದಾರಿಯೇ ಇಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಪಾನೀಯ, ತಿಂಡಿ, ಸಂಸ್ಕರಿತ ಆಹಾರದ ಪಾಲು ದೇಶದ ಹಳ್ಳಿಮನೆಗಳ ಖರ್ಚಿನಲ್ಲಿ 2011-12ರಲ್ಲಿ ಶೇ 7.9 ಇದ್ದದ್ದು 2022-23ಕ್ಕೆ ಶೇ 9.62 ಆಯಿತು, ಪಟ್ಟಣಗಳಲ್ಲಿ ಶೇ 8.98ರಿಂದ ಶೇ 10.64ಕ್ಕೆ ಏರಿತು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 97. ಈ ಎರಡನೆಯ ಅಂಕಿ ಬದಲಾಗದೆ ಕೆಳಗೆ ಹೇಳುವ ಯಾವ ಉಪಾಯವೂ ಹೆಚ್ಚು ದಿನ ನಡೆಯುವುದಿಲ್ಲ. ರಾತ್ರಿ ಕಾಳು ನೆನೆಹಾಕುವವರು ಯಾರು, ಮಿಲ್ಲಿಗೆ ಹೋಗುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ನಮ್ಮ ಕಡೆ ಮುದ್ದೆ ಹಿಂದೆ ಸರಿದು ಅನ್ನ ಮುಂದೆ ಬಂದದ್ದಕ್ಕೆ ಇನ್ನೊಂದು ಕಾರಣವುಂಟು. ಪಡಿತರದಲ್ಲಿ ಅಕ್ಕಿ ಸಿಗುತ್ತದೆ, ಕುಕ್ಕರಿಗೆ ಹಾಕಿ ಪಕ್ಕಕ್ಕೆ ಹೋಗಬಹುದು. ಮುದ್ದೆಗೆ ಒಬ್ಬರು ಪಾತ್ರೆ ಬಿಟ್ಟು ಕದಲುವಂತಿಲ್ಲ.

ಹದಿನೈದು ದಿನಕ್ಕೊಮ್ಮೆ ರಾಗಿ

ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಹೊತ್ತು ಮುದ್ದೆಯಾದರೆ 350ರಿಂದ 400 ಗ್ರಾಂ ಹಿಟ್ಟು ಬೇಕು. ಹದಿನೈದು ದಿನಕ್ಕೆ 6 ಕೆಜಿ. ಅದಕ್ಕಿಂತ ಹೆಚ್ಚು ಬೀಸಿಸಬೇಡಿ. ಇಡೀ ರಾಗಿ ವರ್ಷಗಟ್ಟಲೆ ಕೆಡದು. ಬೀಸಿದ ಮೇಲೆ ಅದರೊಳಗಿನ ಎಣ್ಣೆಯಂಶಕ್ಕೆ ಗಾಳಿ ತಗಲಿ ತಿಂಗಳು ಕಳೆಯುವಷ್ಟರಲ್ಲಿ ಕಮಟು ಬರತೊಡಗುತ್ತದೆ. ಮಕ್ಕಳು ಮುದ್ದೆ ಬೇಡ ಎನ್ನುವುದು ಎಷ್ಟೋ ಸಲ ಈ ಹಳೇ ಹಿಟ್ಟಿನ ಕಹಿಗೆ.

ರಾಗಿಯನ್ನು ಕೇರಿ, ಮೂರು ನೀರಿನಲ್ಲಿ ತೊಳೆದು, ತಳದಲ್ಲಿ ನಿಲ್ಲುವ ಕಲ್ಲನ್ನು ಬಿಟ್ಟು ಮೇಲಿನ ಕಾಳು ತೆಗೆದುಕೊಳ್ಳಿ. ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಂದು ಪೂರ್ತಿ ಬಿಸಿಲು ಒಣಗಿಸಿ. ಮುಷ್ಟಿಯಲ್ಲಿ ಹಿಡಿದರೆ ತಣ್ಣಗನ್ನಿಸಬಾರದು, ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು. ತೇವ ಉಳಿದರೆ ಮಿಲ್ಲಿನ ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಹಿಟ್ಟಿಗೆ ಬೂಷ್ಟು ಬರುತ್ತದೆ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ. ಒಂದು ಗಂಟೆ ಹರಡಿ ಆರಿಸಿ, ಜರಡಿ ಹಿಡಿದು ತುಂಬಿ. ವಾರದ ರಜೆಯ ದಿನ ಬೆಳಿಗ್ಗೆ ತೊಳೆದು ಹರಡಿದರೆ ಸಂಜೆಗೆ ಮಿಲ್ಲಿಗೆ ಹಾಕಿಸಬಹುದು. ನಡುವೆ ಕೈ ಹಾಕುವ ಕೆಲಸ ಒಟ್ಟು ಮುಕ್ಕಾಲು ಗಂಟೆ ದಾಟದು.

ಎರಡು ತಿಂಗಳಿಗೊಮ್ಮೆ ಸಾರಿನ ಪುಡಿ

ಧನಿಯ 500 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 250, ಗುಂಟೂರು 100, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 15, ಅರಿಸಿನ 25 ಗ್ರಾಂ, ಎರಡು ಹಿಡಿ ಕರಿಬೇವು. ದಿನಕ್ಕೆರಡು ದೊಡ್ಡ ಚಮಚದಂತೆ ಇದು ಸುಮಾರು ಎರಡು ತಿಂಗಳು ಬರುತ್ತದೆ. ಖಾರ ಕಡಿಮೆ ತಿನ್ನುವವರು ಗುಂಟೂರನ್ನು ಅರ್ಧ ಮಾಡಿ, ಬ್ಯಾಡಗಿ ಮುಟ್ಟಬೇಡಿ, ಬಣ್ಣ ಅದರದ್ದೇ.

ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಧನಿಯ ಹಸಿಯಾಗಿ ಉಳಿದು ಮೆಂತ್ಯ ಕರಕಲಾಗುತ್ತದೆ. ಮೆಂತ್ಯ ಕೆಂಪಗಾದ ಕೂಡಲೇ ಇಳಿಸಬೇಕು, ಕಪ್ಪಾದರೆ ಇಡೀ ಡಬ್ಬಿ ಕಹಿ. ಮೆಣಸಿನಕಾಯಿ ಒಂದು ಬಿಸಿಲು ಒಣಗಿದ್ದರೆ ಹುರಿಯುವುದೇ ಬೇಡ, ಬಾಣಲೆಯ ಬಿಸಿ ತೋರಿಸಿದರೆ ಸಾಕು. ಒಂದು ಕೆಜಿ ಪುಡಿಗೆ ಮಿಕ್ಸಿ ಕಾಯುತ್ತದೆ, ನುಣ್ಣಗೂ ಆಗದು. ಖಾರದ ಮಿಲ್ಲಿಗೇ ಒಯ್ಯಿರಿ. ತಿಂಗಳಿಗಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ. ಒದ್ದೆ ಚಮಚ ಹಾಕಬೇಡಿ.

ಬಸ್ಸಾರು: ಒಂದು ಪಾತ್ರೆ, ಎರಡು ಅಡುಗೆ

ಕೆಲಸಕ್ಕೆ ಹೋಗುವ ಮನೆಗೆ ಇದಕ್ಕಿಂತ ಅನುಕೂಲದ ಅಡುಗೆ ಇನ್ನೊಂದಿಲ್ಲ. ಕಾಳು, ಸೊಪ್ಪು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ಆದರೂ ಮೊದಲು ಮರೆತುಹೋದದ್ದು ಇದೇ, ಯಾಕೆಂದರೆ ಹಿಂದಿನ ರಾತ್ರಿಯೇ ಯೋಚನೆ ಮಾಡಿರಬೇಕು.

ನಾಲ್ಕು ಜನಕ್ಕೆ 200 ಮಿಲಿ ಲೋಟದಲ್ಲಿ ಒಂದು ಲೋಟ ಹೆಸರುಕಾಳು, ಅಲಸಂದೆ ಅಥವಾ ಹುರುಳಿಕಾಳು ರಾತ್ರಿ ನೆನೆಹಾಕಿ. ದಂಟು, ಕೀರೆ, ಸಬ್ಬಸಿಗೆ ಹೀಗೆ ಯಾವುದಾದರೂ ಎರಡು ಕಂತೆ ಸೊಪ್ಪು. ಬೆರಕೆ ಸೊಪ್ಪು ಸಿಕ್ಕರೆ ಅದರ ಮುಂದೆ ಬೇರೆಯದಿಲ್ಲ. ಸೊಪ್ಪನ್ನು ರಾತ್ರಿ ಟಿವಿ ಮುಂದೆ ಕೂತೇ ಬಿಡಿಸಿ, ತೊಳೆಯದೆ, ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ಫ್ರಿಜ್ಜಿನಲ್ಲಿಡಿ. ತೊಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಲೋಳೆಯಾಗುತ್ತದೆ.

ಬೆಳಿಗ್ಗೆ ನೆನೆದ ಕಾಳಿಗೆ ಆರು ಲೋಟ ನೀರು ಹಾಕಿ ಕುಕ್ಕರಿನಲ್ಲಿಡಿ. ಹೆಸರುಕಾಳಿಗೆ ಒಂದು ಕೂಗು, ಅಲಸಂದೆಗೆ ಎರಡು, ಹುರುಳಿಗೆ ನಾಲ್ಕೈದು. ತೊಗರಿಬೇಳೆಯಾದರೆ ಕುಕ್ಕರ್ ಬೇಡ, ಅರ್ಧ ಗಂಟೆ ನೆನೆಸಿ ತೆರೆದ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಕಾಳು ಹಿಚುಕಿದರೆ ಮೆತ್ತಗಿರಬೇಕು, ಒಡೆದಿರಬಾರದು. ಮುಚ್ಚಳ ತೆಗೆದ ಮೇಲೆ ಸೊಪ್ಪು ಹೆಚ್ಚಿ ಹಾಕಿ, ಒಂದೂವರೆ ಚಿಕ್ಕ ಚಮಚ ಉಪ್ಪು ಹಾಕಿ, ತೆರೆದೇ ಐದಾರು ನಿಮಿಷ ಕುದಿಸಿ ಬಸಿಯಿರಿ. ನಾಲ್ಕು ಲೋಟದಷ್ಟು ಕಟ್ಟು ಸಿಗಬೇಕು.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಹತ್ತು ಎಸಳು ಹಾಕಿ ಅಂಚು ಕೆಂಪಾಗುವವರೆಗೆ ಹುರಿದು, ಟೊಮೆಟೊ ಒಂದನ್ನು ಬಾಡಿಸಿ. ಒಲೆ ಆರಿಸಿದ ಮೇಲೆ ಎರಡು ದೊಡ್ಡ ಚಮಚ ಸಾರಿನ ಪುಡಿ ಹಾಕಿ. ಉರಿಯ ಮೇಲೆ ಹಾಕಿದರೆ ಸೀದು ಘಾಟು ಬರುತ್ತದೆ. ಒಂದು ಹಿಡಿ ಕಾಯಿತುರಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಕೊತ್ತಂಬರಿ ಸೊಪ್ಪು, ಬೆಂದ ಕಾಳು-ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಸೌಟು ಬಿಟ್ಟರೆ ಸಾರು ನೀರು ಬೇರೆ, ಮಸಾಲೆ ಬೇರೆ ನಿಲ್ಲುತ್ತದೆ. ಕಟ್ಟಿಗೆ ಬೆರೆಸಿ ಎಂಟು ಹತ್ತು ನಿಮಿಷ ಕುದಿಸಿ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಅದು ಕುದಿಯುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿ, ಬಸಿದ ಕಾಳು-ಸೊಪ್ಪು ಹಾಕಿ ತಿರುವಿ, ಮೇಲೆ ಕಾಯಿತುರಿ ಉದುರಿಸಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸೊಪ್ಪನ್ನೂ ಕುಕ್ಕರಿಗೇ ಹಾಕಿ ಕೂಗಿಸಿದರೆ ಬಣ್ಣ ಹೋಗಿ ಪಲ್ಯ ಗೊಜ್ಜಿನಂತಾಗುತ್ತದೆ. ಉಪ್ಪನ್ನು ಕೊನೆಗೆ ಸಾರಿಗೆ ಮಾತ್ರ ಹಾಕಿದರೆ ಪಲ್ಯ ಸಪ್ಪೆ.

ರುಬ್ಬಲು ಪುರುಸೊತ್ತಿಲ್ಲದ ದಿನ ಉಪ್ಸಾರು ಮಾಡಿ. ಕಟ್ಟನ್ನು ಹಾಗೇ ಬಿಸಿಯಾಗಿಟ್ಟು ಖಾರವನ್ನು ಪಕ್ಕದಲ್ಲಿ ಬಡಿಸುವುದು. ಹದಿನೈದು ಒಣಮೆಣಸಿನಕಾಯಿ ಹುರಿದು, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಹುಣಸೆ, ಕಲ್ಲುಪ್ಪು ಸೇರಿಸಿ ಆದಷ್ಟು ನೀರು ಸೋಕಿಸದೆ ಅರೆದಿಟ್ಟರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ.

ಬೇಳೆ ಬೇಯದಿದ್ದರೆ ನೀರು ನೋಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ "ಈಗಿನ ಬೇಳೆಯೇ ಸರಿಯಿಲ್ಲ" ಎಂಬ ದೂರು ಬಹಳ. ತಪ್ಪು ಎಷ್ಟೋ ಸಲ ಬೋರ್‌ವೆಲ್ ನೀರಿನದು. ಗಡಸು ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಎಷ್ಟು ಕೂಗಿಸಿದರೂ ನಡುವೆ ಗಟ್ಟಿ ಉಳಿದು, ಗ್ಯಾಸು ಮಾತ್ರ ಖರ್ಚಾಗುತ್ತದೆ. ನೆನೆಸಲು, ಬೇಯಿಸಲು ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಬಳಸಿ. ನೆನೆಹಾಕುವಾಗ ಲೀಟರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ. ಸೋಡ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಲೋಳೆ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಹುಣಸೆ, ಟೊಮೆಟೊ ಕಾಳು ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ. ಇನ್ನೊಂದು ಮಾತು: ಫ್ಲೋರೈಡ್ ಇರುವ ನೀರನ್ನು ಎಷ್ಟು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಮುದ್ದೆ ಗಂಟಾಗದಂತೆ

ಅಳತೆ ಒಂದಕ್ಕೆರಡು. ನಾಲ್ಕು ಜನಕ್ಕೆ ಮೂರು ಲೋಟ ಹಿಟ್ಟು, ಆರು ಲೋಟ ನೀರು. ದಪ್ಪ ತಳದ ಪಾತ್ರೆಯಲ್ಲಿ ನೀರಿಟ್ಟು, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಬಿಡಿ. ಅಂಬಲಿ ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗ ಕೈ ತಡೆಯಬೇಕು: ಕಲಕಬಾರದು. ಗಂಟಾಗುವುದು ಇಲ್ಲೇ. ಒಣ ಹಿಟ್ಟು ಕುದಿನೀರಿಗೆ ಸಿಕ್ಕ ಕೂಡಲೇ ತಿರುವಿದರೆ ಹೊರಗೆ ಬೆಂದು ಒಳಗೆ ಹಸಿ ಹಿಟ್ಟಿನ ಉಂಡೆ ಉಳಿಯುತ್ತದೆ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಮುಚ್ಚಳ ಓರೆ ಮಾಡಿ ಐದಾರು ನಿಮಿಷ ಬಿಡಿ. ನೀರು ತೂತಿನಿಂದ ಉಕ್ಕಿ ಹಿಟ್ಟನ್ನು ಸುತ್ತಲಿಂದ ಬೇಯಿಸುತ್ತದೆ.

ಆಮೇಲೆ ಇಳಿಸಿ, ಪಾತ್ರೆ ಅಲುಗದಂತೆ ಬಿಗಿಯಾಗಿ ಹಿಡಿದು ಕೋಲಿನಿಂದ ಅಂಚಿಗೆ ಒತ್ತಿ ಒತ್ತಿ ತಿರುವಿ. ಗಟ್ಟಿ ಅನ್ನಿಸಿದರೆ ಬಿಸಿನೀರು ಚಿಮುಕಿಸಿ, ತಣ್ಣೀರು ಬೇಡ. ಮತ್ತೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಹಬೆಗಿಟ್ಟು, ಒದ್ದೆ ಮಾಡಿದ ತಟ್ಟೆಗೆ ಸುರಿದು, ಒದ್ದೆ ಕೈಯಲ್ಲಿ ಕಟ್ಟಿ. ಬೆಂದ ಮುದ್ದೆ ಒದ್ದೆ ಬೆರಳಿಗೆ ಅಂಟುವುದಿಲ್ಲ, ಮೇಲ್ಮೈ ಹೊಳೆಯುತ್ತದೆ. ಅಂಟಿದರೆ ಇನ್ನೂ ಹಸಿ, ಮತ್ತೆ ಎರಡು ನಿಮಿಷ ಹಬೆಗಿಡಿ. ಹೊಸ ರಾಗಿಗೆ ನೀರು ಅರ್ಧ ಲೋಟ ಕಡಿಮೆ ಮಾಡಿ ನೋಡಿ. ಮುದ್ದೆಯನ್ನು ಬಸ್ಸಾರಿನ ಹಾಗೆ ಬೆಳಿಗ್ಗೆಯೇ ಮಾಡಿಡುವುದು ಬೇಡ, ಆರಿದರೆ ಗಟ್ಟಿಯಾಗುತ್ತದೆ. ಸಾರು, ಪಲ್ಯ ಬೆಳಿಗ್ಗೆ. ಮುದ್ದೆ ಸಂಜೆ ಬಂದ ಮೇಲೆ.

ಮೊಳಕೆ, ಅವರೆ, ಟೊಮೆಟೊ

ಹುರುಳಿಕಾಳು ಹತ್ತು ಹನ್ನೆರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಚಳಿಗಾಲದಲ್ಲಿ ಒಂದೂವರೆ ದಿನ. ವಾಸನೆ ಬಂತೆಂದರೆ ತಳದಲ್ಲಿ ನೀರು ನಿಂತಿತ್ತು ಎಂದರ್ಥ. ಮೊಳಕೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆಗೆ ಆಸೆಪಟ್ಟು ಕೆಲಸದ ದಿನ ಕಾಯಿ ತರಬೇಡಿ. ಒಂದು ಕೆಜಿ ಕಾಯಿ ಸುಲಿದರೆ ಕಾಳು ಅರ್ಧ ಕೆಜಿಯೂ ಬರುವುದಿಲ್ಲ, ಆಮೇಲೆ ನೆನೆಸಿ ಒಂದೊಂದೇ ಹಿದುಕಬೇಕು. ರಜೆಯ ದಿನ ಮನೆಯವರೆಲ್ಲ ಕೂತು ಐದು ಕೆಜಿ ಸುಲಿದು, ಕಾಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಟ್ಟೆಯಲ್ಲಿ ಒರೆಸಿ, ಒಂದೊಂದು ಸಾರಿಗಾಗುವಷ್ಟು ಪೊಟ್ಟಣ ಕಟ್ಟಿ ಫ್ರೀಜರಿಗಿಡಿ. ತೇವ ಒರೆಸದಿದ್ದರೆ ಹೆಪ್ಪುಗಟ್ಟಿ ಒಂದೇ ಗಡ್ಡೆಯಾಗುತ್ತದೆ.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ದರ ಬಿದ್ದಾಗ 15 ಕೆಜಿಯ ಒಂದು ಬಾಕ್ಸನ್ನು ಎರಡು ಮೂರು ಮನೆ ಹಂಚಿಕೊಳ್ಳಬಹುದು. ಐದು ಕೆಜಿ ಹೆಚ್ಚಿ, ನೀರು ಹಾಕದೆ, ಅರ್ಧಕ್ಕೆ ಇಳಿಯುವವರೆಗೆ ಬೇಯಿಸಿ, ಆರಿಸಿ, ರುಬ್ಬಿ ಫ್ರೀಜರಿನಲ್ಲಿ ಸಣ್ಣ ಡಬ್ಬಿಗಳಲ್ಲಿಡಿ. ಎರಡು ಮೂರು ತಿಂಗಳು ಸಾರಿಗೆ, ಗೊಜ್ಜಿಗೆ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಬೇಡಿ, ಹುಳಿ ಲೋಹವನ್ನು ಬಿಡಿಸುತ್ತದೆ.

ಕೊಂಡು ತಂದರೆ ತಪ್ಪಿಲ್ಲದ್ದು

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇವೆಂದು ಹೊರಟವರು ಮೂರನೇ ವಾರಕ್ಕೆ ಎಲ್ಲವನ್ನೂ ಬಿಡುತ್ತಾರೆ. ವಾರಕ್ಕೊಂದೇ ಸಲ ದೋಸೆ ಮಾಡುವ ಮನೆಯವರು ಗ್ರೈಂಡರ್ ತೊಳೆಯುವ ಬದಲು ಹಿಟ್ಟಿನ ಪ್ಯಾಕೆಟ್ ತರಲಿ. ತಯಾರಿಸಿದ ದಿನಾಂಕ ನೋಡಿ, ಉಬ್ಬಿದ ಪ್ಯಾಕೆಟ್ ಬಿಡಿ, ಅದು ಹುಳಿಯಾಗಿರುತ್ತದೆ. ವಾರಕ್ಕೆ ಮೂರು ಸಲವಾದರೆ ರುಬ್ಬುವುದೇ ಲಾಭ: ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬಲು ಹದಿನಾಲ್ಕು ಗಂಟೆಯಾದರೂ ಬೇಕು, ರಾತ್ರಿ ಹತ್ತಕ್ಕೆ ರುಬ್ಬಿ ಬೆಳಿಗ್ಗೆ ಇಡ್ಲಿ ಎಂದರೆ ಆಗುವುದಿಲ್ಲ.

ಬೆಳಗಿನ ಸಾರನ್ನು ಸಂಜೆಗೆ ಉಳಿಸುವಾಗ ಕಾಯಿ ರುಬ್ಬಿ ಹಾಕಿದ್ದರೆ ಒಲೆ ಪಕ್ಕದಲ್ಲೇ ಬಿಟ್ಟುಹೋಗಬೇಡಿ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ. ಆರಿಸಿ, ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಸಂಜೆ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಚೆನ್ನಾಗಿ ಕುದಿಸಿ.